ಹಾಲು ಕುಡಿದ ಕಲ್ಲು

ಆಗ ನಾವು ಪರದೇಶಕ್ಕೆ ಬಂದು ಸ್ಯಾಂಡ್ರಿಂಗಮ್ ಎಂಬ ಬಡಾವಣೆಯಲ್ಲಿದ್ದೆವು. ಹಿತ್ತಲು ಅಗೆದರೆ ಸಾಕು, ಹಳೇ ಜ್ವಾಲಾಮುಖಿಯ ಕಲ್ಲು ಸಿಗುತ್ತಿತ್ತು. ಬಕೆಟ್ ನೀರಿಗೆ ಕಲ್ಲು ಹಾಕುವುದೇ ನಮ್ಮ ಆಟ. ಕರಿ ಬಸಾಲ್ಟ್ ಗುಳುಂ ಅಂತ ಮುಳುಗುತ್ತಿತ್ತು. ಕೆಂಪು ಸ್ಕೋರಿಯ ಹಾಗಲ್ಲ. ಲಾವಾ ನೊರೆಯಾಗಿದ್ದಾಗಲೇ ಗಟ್ಟಿಯಾದದ್ದು, ಮೈಯೆಲ್ಲ ತೂತು. ಗುಳ್ಳೆ ಬಿಡುತ್ತಾ, ನೀರು ಕುಡಿಯುತ್ತಾ ಕೆಳಗಿಳಿಯುತ್ತಿತ್ತು.

ಇಲ್ಲಿ ಶ್ರಾವಣ ಬರುವುದು ಚಳಿಗಾಲದಲ್ಲಿ. ಆ ಚಳಿಗಾಲ ಅಜ್ಜಿ, ಅಂದರೆ ಅಪ್ಪನ ಅಮ್ಮ, ಮೈಸೂರಿಗೆ ದೊಡ್ಡಪ್ಪನ ಮನೆಗೆ ವಾಪಸ್ ಹೋಗುವ ಮಾತೆತ್ತಿದರು. ನಾಗರಪಂಚಮಿಗೆ ಈ ನೆಲದ ಕಲ್ಲಿಗೇ ಹಾಲೆರೀತೀನಿ, ನಾಗಪ್ಪ ಕುಡಿದರೆ ಇರ್ತೀನಿ, ಇಲ್ಲದಿದ್ದರೆ ಟಿಕೆಟ್ ಮಾಡಿಸು ಎಂದು ಅಪ್ಪನಿಗೆ ಹೇಳಿಬಿಟ್ಟರು. ಶಾಲೆಯ ಡಿಬೇಟ್ ತಂಡದಲ್ಲಿದ್ದ ನಾನು ಬಿಡುತ್ತೇನೆಯೇ? ಹಾವೇ ಇಲ್ಲದ ದೇಶಕ್ಕೆ ನಾಗಪ್ಪ ಹೇಗೆ ಬಂದ ಅಂದೆ.

"ವೀಸಾ ಮಾಡಿಸ್ಕೊಂಡು ಬಂದ, ನನ್ನ ಹಾಗೆ," ಅಂದರು ಅಜ್ಜಿ.

ಹಬ್ಬದ ಹಿಂದಿನ ದಿನ ಟವೆಲ್‌ಗೆಂದು ಬಿಸಿನೀರಿನ ಸಿಲಿಂಡರ್ ಇದ್ದ ಕಪಾಟು ತೆರೆದೆ. ಮಳೆಯಲ್ಲಿ ಆರದ ಬಟ್ಟೆಗಳನ್ನು ಒಣಗಿಸುತ್ತಿದ್ದುದು ಅಲ್ಲೇ. ಟವೆಲ್‌ಗಳ ಹಿಂದೆ ತೆಂಗಿನಕಾಯಿ ಗಾತ್ರದ ಕೆಂಪು ಸ್ಕೋರಿಯ ಬೆಚ್ಚಗೆ ಕೂತಿತ್ತು. ಅಪ್ಪ ಈಸ್ಟ್ ತಮಾಕಿ ಕಡೆಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್, ಅಳತೆ ಮಾಡದೆ ಒಂದು ಮೊಳೆಯನ್ನೂ ಹೊಡೆಯುವವರಲ್ಲ. ಕೇಳಿದರೆ, ಕಲ್ಲಿಗೂ ಚಳಿ ಆಗುತ್ತಲ್ಲ ಪುಟ್ಟಿ, ಅಂದರು. ಇದು ಉತ್ತರವಲ್ಲ, ಜಾರಿಕೊಳ್ಳುವ ದಾರಿ.

ಹಬ್ಬದ ದಿನ ಹೊರಗೆ ಮಳೆಯೆಂದು ಪೂಜೆ ಗ್ಯಾರೇಜಿನಲ್ಲಿ. ತಂಬಿಟ್ಟಿನ ಏಲಕ್ಕಿ ವಾಸನೆ ಅಲ್ಲಿಯವರೆಗೂ ಬಂದಿತ್ತು. ಅಪ್ಪ ತಂದಿಟ್ಟ ಅದೇ ಕೆಂಪು ಕಲ್ಲಿಗೆ ಅಜ್ಜಿ ಅರಿಶಿನ ಕುಂಕುಮ ಹಚ್ಚಿ ಹಾಲೆರೆದರು. ಕಲ್ಲು ಸಣ್ಣಗೆ ಸದ್ದು ಮಾಡುತ್ತಾ ಅಷ್ಟನ್ನೂ ಹೀರಿತು, ಕೆಳಗಿನ ತಟ್ಟೆಗೆ ಹನಿಯೂ ಬೀಳಲಿಲ್ಲ. ಬಂದಿದ್ದ ಆಂಟಿಯರೆಲ್ಲ ಕೈಮುಗಿದರು.

ನನಗೆ ತಡೆಯಲಾಗಲಿಲ್ಲ. ಅದು ತೂತಿನ ಕಲ್ಲು, ಅಪ್ಪ ಕಪಾಟಿನಲ್ಲಿಟ್ಟು ಒಣಗಿಸಿದ್ದಾರೆ ಎಂದು ಅಜ್ಜಿಯ ಕಿವಿಯಲ್ಲಿ ಉಸುರಿದೆ. ಹೇಳಿದ ಮೇಲೆ ಹೊಳೆಯಿತು: ನಾನು ಗೆದ್ದರೆ ಅಜ್ಜಿ ಹೊರಡುತ್ತಾರೆ.

ಅಜ್ಜಿ ನನ್ನ ಬಾಯಿಗೆ ತಂಬಿಟ್ಟು ತುರುಕಿದರು. "ನಾನೂ ನೋಡಿದೀನಿ ಕಣೇ. ಅಮ್ಮ, ಇಲ್ಲೇ ಇರು ಅನ್ನೋಕೆ ಅವನಿಗೆ ಬಾಯಿ ಬರಲ್ಲ. ಕಲ್ಲಿನ ಕೈಲಿ ಹೇಳಿಸ್ತಿದಾನೆ. ಸುಮ್ನಿರು."

ಅಜ್ಜಿ ಉಳಿದರು, ಕೊನೆಯವರೆಗೂ. ನ್ಯೂ ಲಿನ್‌ನ ಈಗಿನ ಮನೆಗೆ ಕಲ್ಲೂ ಬಂದಿದೆ. ಹಿತ್ತಲಲ್ಲಿ ನೆನೆದು ನೆನೆದು ತೂತುಗಳಲ್ಲೆಲ್ಲ ಪಾಚಿ. ಈ ಸಲದ ಪಂಚಮಿಗೆ ಅಪ್ಪ ಎರೆದ ಹಾಲು ಹಾಗೇ ಹುಲ್ಲಿಗೆ ಹರಿದುಹೋಯಿತು. ಮೊದಲೇ ಒಳಗಿಟ್ಟು ಒಣಗಿಸಬಹುದಿತ್ತಲ್ಲ ಅಂದೆ.

"ಯಾರಿಗೋಸ್ಕರ ಪುಟ್ಟಿ?" ಅಂದರು ಅಪ್ಪ.

ಅಪ್ಪನ ಈ ಮಾತಿನಲ್ಲಿ ಮಾತ್ರ ಅನುಮಾನಪಡುವಂಥದ್ದು ನನಗೇನೂ ಸಿಗಲಿಲ್ಲ.