ಸಿದ್ದರಾಮು ವಿಂಗಡಿಸಿದ ಪ್ರಬಂಧ

ಮದ್ದೂರಿನ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಸಿದ್ದರಾಮುವಿಗೆ ಗೆಳೆಯರೆಂದರೆ ಪ್ರಾಣ. ಅದರಲ್ಲೂ ಅದೇ ಶಾಲೆಯ ಇಂಗ್ಲಿಷ್ ಮೇಷ್ಟ್ರು ಚಲುವರಾಜು ಎಂದರೆ ಮುಗಿದೇಹೋಯಿತು. ಒಂದೇ ಹೋಟೆಲಿನಲ್ಲಿ ಕಾಫಿ, ಒಂದೇ ರಸ್ತೆಯಲ್ಲಿ ಮನೆ. ಅಂಥವನನ್ನು ನಂಬದೆ ಇನ್ನಾರನ್ನು ನಂಬಬೇಕಿತ್ತು, ನೀವೇ ಹೇಳಿ.

ಯುದ್ಧದ ವರ್ಷಗಳಲ್ಲಿ ಕಬ್ಬಿನ ಗಾಣಕ್ಕೆ ಕಂಚಿನ ಬುಷ್ ಸಿಗುತ್ತಿರಲಿಲ್ಲ. ಬುಷ್ ಅಂದರೆ ಗಾಣದ ದಂಡ ತಿರುಗುವ ಬಳೆ. ಅದು ಸವೆದರೆ ಆಲೆಮನೆ ನಿಂತಂತೆಯೇ. ಲೋಹ ಕರಗಿಸದೆ ಅದನ್ನು ಮಾಡುವ ಹುಚ್ಚು ಸಿದ್ದರಾಮುವಿಗೆ ಹಿಡಿಯಿತು. ತಾಮ್ರದ ಪುಡಿಗೆ ತವರದ ಪುಡಿ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಒಲೆಯಲ್ಲಿ ಕಾಯಿಸಿದ. ಎಲ್ಲ ಕಪ್ಪಾಗಿ ಉದುರಿಹೋಯಿತು. ಆಗ ಹೆಂಡತಿ ಹೊಂಬಾಳಮ್ಮ ಮಡಕೆಗೆ ಇದ್ದಿಲ ಪುಡಿ ತುಂಬಿ, ಬಳೆಯನ್ನು ಅದರಲ್ಲಿ ಹೂತು, ಬಾಯಿಗೆ ಕೆಮ್ಮಣ್ಣು ಮೆತ್ತಿಕೊಟ್ಟಳು. ಗಾಳಿ ಒಳಹೋಗಲಿಲ್ಲ, ಬಳೆ ಗಟ್ಟಿಯಾಯಿತು. ಎಣ್ಣೆಯಲ್ಲಿ ನೆನೆಸಿ ಕೊಪ್ಪದ ಗಾಣಕ್ಕೆ ಹಾಕಿದರೆ ಸುಗ್ಗಿ ಮುಗಿಯುವವರೆಗೂ ಕಿರ್ ಎನ್ನಲಿಲ್ಲ. ಚಲುವರಾಜು ಆಗೀಗ ಬಂದು ಕೈಹಾಕಿದ್ದುಂಟು, ಇಲ್ಲವೆನ್ನುವುದಿಲ್ಲ. ಅದನ್ನೆಲ್ಲ ಇಂಗ್ಲಿಷಿನಲ್ಲಿ ಪ್ರಬಂಧವಾಗಿ ಬರೆದವನೂ ಅವನೇ.

ಸ್ವಾತಂತ್ರ್ಯ ಬಂದ ವರ್ಷ ಮಂಡ್ಯದಲ್ಲಿ ಲೋಹದ ಪುಡಿಯ ಕೆಲಸದ ಬಗ್ಗೆಯೇ ಒಂದು ಸಮ್ಮೇಳನ ನಿಗದಿಯಾಯಿತು. ನಿವೃತ್ತ ಎಂಜಿನಿಯರ್ ಚೌಡಯ್ಯನವರು ಅಧ್ಯಕ್ಷರು. ಬಂದ ಪ್ರಬಂಧಗಳನ್ನು ಪುಡಿಮಾಡುವುದು, ಒತ್ತುವುದು, ಕಾಯಿಸುವುದು, ಬಳಕೆ ಎಂದು ವಿಂಗಡಿಸಲು ಒಬ್ಬರು ಬೇಕಿತ್ತು.

“ಆ ಕೆಲ್ಸ ನೀನೇ ಇಟ್ಕೊಳ್ಳಲಾ,” ಎಂದ ಚಲುವರಾಜು. “ನಿನ್ನಂಥ ನಿಯತ್ತಿನೋನು ಇನ್ನೆಲ್ಲಿ ಸಿಕ್ತಾನೆ? ಆದ್ರೆ ವಿಂಗಡಿಸೋನ ಎಸ್ರು ಪ್ರಬಂಧದ ಮ್ಯಾಲೆ ಇರಬಾರ್ದಂತೆ. ಈಗ ನನ್ನೆಸ್ರು ಒಂದೇ ಇರ್ಲಿ. ನಿಂದು ವೇದಿಕೆ ಮ್ಯಾಲೆ ನಾನೇ ಕೂಗಿ ಏಳ್ತೀನಿ ಕಣ್ಲಾ.”

ಸಿದ್ದರಾಮು ಒಪ್ಪಿದ. ಪಾಪ, ಹೊಗಳಿಕೆಗೂ ಕರಗಿದ. ಶಾಲೆಯ ಬೆಂಚುಗಳ ಮೇಲೆ ಪ್ರಬಂಧಗಳನ್ನು ಹರಡಿಕೊಂಡು ವಾರಗಟ್ಟಲೆ ಕುಳಿತ. ತಮ್ಮದೇ ಪ್ರಬಂಧ ಕೈಗೆ ಬಂದಾಗ ಬಹಳ ಹೊತ್ತು ಯೋಚಿಸಿದ. ಒತ್ತುವುದೂ ಇತ್ತು, ಬಳಕೆಯೂ ಇತ್ತು. ಆದರೆ ಜೀವವಿದ್ದದ್ದು ಹೆಂಡತಿಯ ಮಡಕೆಯಲ್ಲಿ. ‘ಕಾಯಿಸುವುದು’ ಗುಂಪಿಗೆ ಸೇರಿಸಿ, ಮೊದಲು ಓದತಕ್ಕದ್ದು ಎಂದು ಗುರುತು ಹಾಕಿದ.

ಸಮ್ಮೇಳನದ ದಿನ ಹೊಂಬಾಳಮ್ಮ ಮಂಡ್ಯಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಳು. ಎಲ್ಲವೂ ಇಂಗ್ಲಿಷಿನಲ್ಲಿ, ಅವಳಿಗೆ ಒಂದಕ್ಷರ ತಿಳಿಯದು. ಚಲುವರಾಜು ಓದಿದ. ‘ನಾನು ಬೆರೆಸಿದೆ, ನಾನು ಕಾಯಿಸಿದೆ’ ಎಂದೇ ಓದಿದ. ಕೊನೆಗೆ, ಪ್ರಬಂಧಗಳನ್ನು ಅಚ್ಚುಕಟ್ಟಾಗಿ ವಿಂಗಡಿಸಿಕೊಟ್ಟ ಮಿತ್ರ ಸಿದ್ದರಾಮುವಿಗೆ ವಂದನೆ ಎಂದು ಹೇಳಿ ಕೆಳಗಿಳಿದ. ಸಭೆ ಚಪ್ಪಾಳೆ ತಟ್ಟಿತು.

ಸಿದ್ದರಾಮು ನೇರವಾಗಿ ಚೌಡಯ್ಯನವರ ಬಳಿ ಹೋಗಿ ವಿಂಗಡಿಸುವವನ ಹೆಸರು ಇರಬಾರದೆಂಬ ನಿಯಮ ಯಾರು ಮಾಡಿದ್ದೆಂದು ಕೇಳಿದ.

“ಯಾವ ನಿಯಮ?” ಎಂದರು ಅವರು. “ನಿಮಗೆ ಹೆಸರೇ ಬೇಡವಂತೆ, ಚಲುವರಾಜು ಹೇಳಿದರು. ದೊಡ್ಡ ಮನಸ್ಸು ನಿಮ್ಮದು.”

ಚಲುವರಾಜು ಬಾಗಿಲ ಬಳಿ ನಾಲ್ಕು ಜನರ ನಡುವೆ ನಗುತ್ತಿದ್ದ. ಕಣ್ಣು ಕಣ್ಣು ಸೇರಿತು. ಅವನು ಮುಖ ತಿರುಗಿಸಿಕೊಂಡ. ಹಾಳಾದವನು, ಅಷ್ಟಾದರೂ ನಾಚಿಕೆ ಇತ್ತಲ್ಲ. ಸಿದ್ದರಾಮು ಜಗಳಕ್ಕೆ ನಿಲ್ಲದೆ ಅವನನ್ನು ದಾಟಿ ಹೊರನಡೆದ. ಅಷ್ಟು ವರ್ಷದ ಗೆಳೆತನ ತನ್ನನ್ನು ಬೆಪ್ಪು ಮಾಡಿತೆಂದುಕೊಂಡ.

ಹೊರಗೆ ಹೊಂಬಾಳಮ್ಮ ಕಾಯುತ್ತಿದ್ದಳು. ಮುಖ ತುಂಬ ಬೆಳಕು.

“ನಿಮ್ಮೆಸ್ರು ಕೂಗುದ್ರಲ್ಲ, ಕೇಳುಸ್ತು ಕಣ್ರೀ. ಎಲ್ರೂ ಚಪ್ಪಾಳೆ ತಟ್ಟುದ್ರು,” ಎಂದಳು. ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತ ಮೆಲ್ಲಗೆ ಕೇಳಿದಳು: “ಮಡಕೆ ವಿಸ್ಯಾನೂ ಏಳುದ್ರಾ?”

“ಊಂ, ಏಳುದ್ರು,” ಎಂದ ಸಿದ್ದರಾಮು.