ಶಿವಪ್ಪನವರ ಕ್ಷಮೆ ಮತ್ತು ಒಂದು ಟ್ಯಾಕ್ಸಿ ಲೈಸೆನ್ಸ್

ಕೋವಿಡ್ ನಿರ್ಬಂಧಗಳು ಮುಗಿದ ಮರುವರ್ಷ. ಸೌತ್‌ಹಾಲ್‌ನ ಸೀರೆ ಅಂಗಡಿಯೊಂದರ ಮೇಲಿನ ಕಚೇರಿಯಲ್ಲಿ ನಾನು ಸಾಲಿಸಿಟರ್, ಅಂದರೆ ಬ್ರಿಟಿಷ್ ಪದ್ಧತಿಯ ವಕೀಲೆ, ಆಗಿದ್ದೆ. ಲೈಸೆನ್ಸ್ ರದ್ದತಿಯ ವಿರುದ್ಧದ ಮೇಲ್ಮನವಿಗಳೇ ನನ್ನ ಮುಖ್ಯ ಕೆಲಸ. ಗ್ರೀನ್‌ಫರ್ಡ್‌ನ ಟ್ಯಾಕ್ಸಿ ಚಾಲಕ ಶಿವಪ್ಪ ಒಂದು ಬೆಳಿಗ್ಗೆ ಹೆಂಡತಿ ಮಹಾದೇವಿಯೊಂದಿಗೆ ಬಂದರು. ವಿಜಯಪುರದ ಕಡೆಯವರು. ಮನೆ ನಡೆಯುತ್ತಿದ್ದುದು ಆ ಟ್ಯಾಕ್ಸಿಯಿಂದಲೇ.

ದೂರು ಸಣ್ಣದಲ್ಲ. ಅಂಧರೊಬ್ಬರ ಜೊತೆಗಿದ್ದ ಮಾರ್ಗದರ್ಶಿ ನಾಯಿಯನ್ನು ಕಂಡು ಶಿವಪ್ಪ ಅವರನ್ನು ಹತ್ತಿಸಿಕೊಳ್ಳದೆ ಹೋದರು ಎಂದು ದಾರಿಹೋಕರೊಬ್ಬರು ಬರೆದಿದ್ದರು. ಇಲ್ಲಿ ಅದು ಅಪರಾಧ. ಲೈಸೆನ್ಸಿಂಗ್ ಅಧಿಕಾರಿ ಪ್ರಶ್ನಿಸಿದಾಗ ಶಿವಪ್ಪ ಕೈಮುಗಿದು, ಇಂಗ್ಲಿಷಿನಲ್ಲಿ, “ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ ಸರ್” ಎಂದಿದ್ದರು. ಲೈಸೆನ್ಸ್ ರದ್ದು ಮಾಡಿದ ಆದೇಶದಲ್ಲಿ ಅದೇ ‘ಚಾಲಕ ತಪ್ಪೊಪ್ಪಿಕೊಂಡಿದ್ದಾರೆ’ ಎಂಬ ಫೈಂಡಿಂಗ್ ಆಗಿತ್ತು. ಸಾಕ್ಷ್ಯ ತೂಗಿ, ಇದು ನಡೆದದ್ದು ನಿಜ ಎಂದು ಅಧಿಕಾರಿ ಮುಟ್ಟುವ ತೀರ್ಮಾನವೇ ಫೈಂಡಿಂಗ್.

“ಮಾಡಿಲ್ಲ ಅಂತ ನೇರವಾಗಿ ಹೇಳಬಾರದಿತ್ತಾ?” ಎಂದೆ.

“ದೊಡ್ಡೋರ ಮುಂದ ಹಂಗ ಹೆಂಗ ಅನ್ನೂದ್ರೀ ಅಕ್ಕಾರ?”

“ನನ್ನ ಮುಂದ ಮಾತ್ರ ‘ನಾ ಮಾಡೇ ಇಲ್ಲ’ ಅಂತ ಖಡಕ್ ಅಂತಾರ ನೋಡ್ರಿ,” ಎಂದರು ಮಹಾದೇವಿ.

ನನಗೆ ನಗು ಬಂತು. ಕೂಡಲೇ ಊರಿನ ಮದುವೆಮನೆಗಳು ನೆನಪಾದವು. ಹೊಟ್ಟೆ ತುಂಬ ಬಡಿಸಿ ಕಳಿಸುವಾಗಲೂ ಕೈಮುಗಿದು ‘ತಪ್ಪಾಗಿದ್ದರೆ ಕ್ಷಮಿಸಿ’ ಎಂದೇ ಹೇಳುತ್ತಾರಲ್ಲವೇ? “ಈ ಮಾತು ಮತ್ಯಾರಿಗೆ ಹೇಳ್ತೀರಿ?” ಎಂದು ಶಿವಪ್ಪನವರನ್ನು ಕೇಳಿದೆ.

“ಗಾಡಿ ಇಳಿಯೋ ಎಲ್ಲಾರಿಗೂರಿ. ಏನರ ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋರಿ ಅನ್ನೂದು ನಮ್ಮ ಪದ್ಧತಿ.”

ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಡೆದದ್ದು ರೀಹಿಯರಿಂಗ್. ಅಂದರೆ ಹಳೆಯ ಫೈಲನ್ನು ತಿರುವಿ ಹಾಕುವುದಷ್ಟೇ ಅಲ್ಲ, ಸಾಕ್ಷ್ಯವನ್ನು ಹೊಸದಾಗಿ ಕೇಳುವುದು. ದೂರುದಾರರು ಬರಲಿಲ್ಲ. ಶಿವಪ್ಪ ಮೊದಲ ಸಲ, ನೆಲ ನೋಡುತ್ತ, “ನಾನು ಯಾರನ್ನೂ ಬಿಟ್ಟು ಹೋಗಿಲ್ಲ” ಎಂದರು. ಅಧಿಕಾರಿ ಹಿಡಿದದ್ದು ಒಂದೇ ಪ್ರಶ್ನೆ: “ತಪ್ಪು ಮಾಡದಿದ್ದರೆ ಕ್ಷಮೆ ಯಾಕೆ ಕೇಳಿದಿರಿ?” ಶಿವಪ್ಪ ನನ್ನ ಕಡೆ ತಿರುಗಿದರು.

ನಮ್ಮ ಸಾಕ್ಷಿಯನ್ನು ಕರೆಸಿದೆ. ಕೆಂಟನ್‌ನ ವೃದ್ಧೆ ಮಾರ್ಗರೆಟ್ ಒಳಬಂದರು. ಅವರಿಗೆ ಕಣ್ಣು ಕಾಣದು. ಪಕ್ಕದಲ್ಲಿ ಅವರ ಮಾರ್ಗದರ್ಶಿ ನಾಯಿ. ಅದು ಶಿವಪ್ಪನವರನ್ನು ಕಂಡದ್ದೇ ಬಾಲ ಬಡಿಯತೊಡಗಿತು.

“ಪ್ರತಿ ಶುಕ್ರವಾರ ನಮ್ಮಿಬ್ಬರನ್ನೂ ಆಸ್ಪತ್ರೆಗೆ ಬಿಡುವುದು ಇವರೇ,” ಎಂದರು ಆಕೆ. “ಇಳಿಯುವಾಗ ತಪ್ಪಿದ್ದರೆ ಕ್ಷಮಿಸಿ ಅನ್ನುತ್ತಾರೆ. ಏನು ತಪ್ಪು ಮಾಡಿದಿರಿ ಅಂತ ಮೊದಲ ಸಲ ನಾನೂ ಗಾಬರಿಯಾಗಿ ಕೇಳಿದ್ದೆ. ಈಗ ನಾಯಿಗೂ ಹೇಳುತ್ತಾರೆ. ಅದು ಕ್ಷಮಿಸುತ್ತದೆ.”

ನ್ಯಾಯಪೀಠವೂ ನಕ್ಕಿತು. ತಪ್ಪೊಪ್ಪಿಗೆ ಎಂಬುದೇ ಇರಲಿಲ್ಲ, ಅದನ್ನು ಬಿಟ್ಟರೆ ಫೈಂಡಿಂಗ್‌ಗೆ ಬೇರೆ ಆಧಾರ ಉಳಿಯುವುದಿಲ್ಲ ಎಂದು ತೀರ್ಪು ಬಂತು. ಲೈಸೆನ್ಸ್ ಉಳಿಯಿತು. ಮಹಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡರು, ನಾನು ಅಂಗೈಯಿಂದ.

ಹೊರಗೆ ಕಾರಿಡಾರಿನಲ್ಲಿ ಶಿವಪ್ಪ ನೇರ ಆ ಅಧಿಕಾರಿಯ ಬಳಿಗೇ ಹೋಗಿ ಕೈಮುಗಿದರು. “ತಪ್ಪಾಗಿದ್ದರೆ ಕ್ಷಮಿಸಿ ಸರ್.”

ಅಧಿಕಾರಿ ಕೈಯಲ್ಲಿದ್ದ ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಆಮೇಲೆ ತಾವೂ ಕೈಜೋಡಿಸಿ, “ನನ್ನದೂ ತಪ್ಪಿದ್ದರೆ ಕ್ಷಮಿಸಿ,” ಎಂದರು.

ಕಕ್ಷಿದಾರರನ್ನು ‘ನೀವು ಏನೆಂದಿರಿ?’ ಎಂದು ಕೇಳಿ ಅಲ್ಲಿಗೇ ನಿಲ್ಲಿಸುವುದನ್ನು ನಾನು ಆ ದಿನದಿಂದ ಬಿಟ್ಟೆ. ಆ ಮಾತನ್ನು ಇನ್ಯಾರಿಗೆ, ಯಾವಾಗ ಹೇಳುತ್ತೀರಿ ಎಂದೂ ಕೇಳುತ್ತೇನೆ.