ಕುಸುಬಿ ಎಣ್ಣೆ ಕುಡಿದ ಹೊಲಿಗೆ ಮಷೀನು

ಕೆಟ್ಟು ನಿಂತ ಹೊಲಿಗೆ ಮಷೀನಿನ ಮುಂದೆ ಯಾರೇ ಬಂದು ನಿಲ್ಲಲಿ, ಮೊದಲು ಮಾಡುವ ಕೆಲಸ ಅದರ ಬಲಗಡೆಯ ಗಾಲಿಯನ್ನು ಹಿಡಿದು ತಿರುಗಿಸಿ ನೋಡುವುದು. ಅದು ತಿರುಗುವುದಿಲ್ಲವೆಂದು ಮುಂಚೆ ಬಂದವರೆಲ್ಲ ಹೇಳಿ ಹೋಗಿದ್ದರೂ, ತನ್ನ ಕೈಗಾದರೂ ಮಣಿದೀತೆಂಬ ಒಂದು ಸಣ್ಣ ಅಹಂಕಾರ ಪ್ರತಿಯೊಬ್ಬರ ಬೆರಳ ತುದಿಯಲ್ಲೂ ವಾಸವಾಗಿರುತ್ತದೆ. ಆ ಭಾನುವಾರ ಮುಂಜಾನೆ ಹೈದರಾಬಾದಿನ ಕಾಚಿಗುಡಾದ ನಮ್ಮ ಅಣ್ಣನ ಬಾಡಿಗೆ ಮನೆಯಲ್ಲಿ ನಾವು ಮೂವರಿದ್ದೆವು: ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಣ್ಣ, ನೆಲದ ಮೇಲೆ ಹಳೆಯ ಪೇಪರು ಹಾಸಿಕೊಂಡು ಕೂತ ಅವನ ಮಗಳು ಸುಧಾ, ಮತ್ತು ಸ್ಕ್ರೂಡ್ರೈವರುಗಳ ಪೊಟ್ಟಣವನ್ನು ಕಂಕುಳಲ್ಲಿಟ್ಟುಕೊಂಡು ಶಂಶಾಬಾದಿನಿಂದ ಬಸ್ಸು ಹಿಡಿದು ಬಂದ ನಾನು. ಅಣ್ಣನ ಹೆಂಡತಿ, ನಮ್ಮ ವೈನಿ, ಹಿಂದಿನ ವರ್ಷ ತೀರಿಕೊಂಡಿದ್ದರು. ಮಷೀನು ಅವರದು. ಕಾಲಲ್ಲಿ ತುಳಿಯುವ, ಕಪ್ಪು ಮೈಯ ಹಳೆಯ ಮಷೀನು.

ಸಂಪ್ರದಾಯದಂತೆ ನಾನೂ ಗಾಲಿ ಹಿಡಿದು ತಿರುಗಿಸಿದೆ. ಕಲ್ಲಿನ ಕಂಬಕ್ಕೆ ಕೈ ಹಚ್ಚಿದಂತಾಯಿತು.

"ರಾಘು, ನೀ ರಿಪೇರಿ ಮಾಡಿದ ಗಡಿಯಾರ ಇನ್ನೂ ನಮ್ಮ ಮನ್ಯಾಗ ಐತಿ ನೋಡಪಾ" ಎಂದ ಅಣ್ಣ, ಕುರ್ಚಿಯಿಂದಲೇ. "ನಡಿಯದಿದ್ರೂ, ಗ್ವಾಡಿಗಿ ಮೊಳಿ ಹೊಡದದ್ದು ದಂಡ ಆಗಬಾರದಂತ ನಿಮ್ಮ ವೈನಿ ಅದನ್ನ ತೂಗಹಾಕಿ ಬಿಟ್ಟಿದ್ಲು."

ಬಹಳ ದಿನಗಳ ಮೇಲೆ ಅಣ್ಣ ಚೇಷ್ಟೆಯ ಮಾತಾಡಿದ್ದ. ನನ್ನ ಮಾನ ಹೋದದ್ದಕ್ಕೆ ಸುಧಾಳ ಮುಖ ಅರಳಿತು. ನನಗೂ ಆ ನಷ್ಟ ಲಾಭವಾಗಿಯೇ ಕಂಡಿತು.

ಓದುಗರು ಕ್ಷಮಿಸಬೇಕು, ಇಲ್ಲೊಂದು ಅಡ್ಡದಾರಿ ಹಿಡಿಯುತ್ತೇನೆ. ರಾಯಚೂರು ಸೀಮೆಯ ನಮ್ಮ ಮನೆಯಲ್ಲಿ ಹಿರಿಯರು ಯಂತ್ರಗಳನ್ನು ಜಡವಸ್ತುಗಳೆಂದು ಒಪ್ಪಿಕೊಂಡವರೇ ಅಲ್ಲ. ಅಜ್ಜಿಯ ಬಾಯಲ್ಲಿ ಗಡಿಯಾರ ಮಲಗುತ್ತಿತ್ತು, ಸೈಕಲ್ಲು ಮುನಿಯುತ್ತಿತ್ತು, ಹೊಲಿಗೆ ಮಷೀನಂತೂ ದಾರ ಉಣ್ಣುತ್ತಿತ್ತು, ಎಣ್ಣೆ ಕುಡಿಯುತ್ತಿತ್ತು, ಬಿಡದೆ ತುಳಿದರೆ ದಣಿಯುತ್ತಿತ್ತು. ಅಂಥವರ ತೊಡೆಯ ಮೇಲೆ ಮಾತು ಕಲಿತವನಾದ್ದರಿಂದ ನನಗೂ ಕೆಟ್ಟ ಮಷೀನನ್ನು ಕಂಡರೆ ಲೋಹಶಾಸ್ತ್ರಕ್ಕಿಂತ ಮೊದಲು ವೈದ್ಯಶಾಸ್ತ್ರವೇ ನೆನಪಾಗುತ್ತದೆ. ಪ್ರತಿ ಅಮಾವಾಸ್ಯೆಗೆ ಮನೆಯ ದುಡಿಯುವ ವಸ್ತುಗಳಿಗೆಲ್ಲ ಪೂಜೆ ಸಲ್ಲಿಸುವ ನಮ್ಮ ರೂಢಿಯೂ ಈ ಭಾವನೆಯ ಕೂಸೇ ಇರಬೇಕು. ಊರು ಬಿಟ್ಟು ಹೈದರಾಬಾದಿಗೆ ಬಂದು, ಅಂಗಡಿಯಲ್ಲಿ ತೆಲುಗು, ಆಫೀಸಿನಲ್ಲಿ ಹಿಂದಿ, ಒಲೆಯ ಮುಂದೆ ಮಾತ್ರ ಕನ್ನಡ ಎಂಬಂತಾದ ಮೇಲೂ ವೈನಿ ಆ ರೂಢಿಯನ್ನು ಬಿಟ್ಟಿರಲಿಲ್ಲ. ಅಮಾವಾಸ್ಯೆಯ ಮುಂಜಾನೆ ಮಷೀನನ್ನು ಒರೆಸಿ, ಕುಂಕುಮವಿಟ್ಟು, ದೇವರ ಮುಂದಿನ ದೀಪದಿಂದ ಒಂದು ಬೆರಳು ಕುಸುಬಿ ಎಣ್ಣೆ ತೆಗೆದು ಅದರ ಮೈಗೆ ಸವರಿ ಕೈಮುಗಿಯುತ್ತಿದ್ದರು. ಆಮೇಲೆಯೇ ಆ ತಿಂಗಳ ಹೊಲಿಗೆ.

ಈಗ ಆ ಮಷೀನು ಓಡಲೇಬೇಕಾಗಿತ್ತು, ಅದಕ್ಕೆ ಕಾರಣ ಅಣ್ಣ. ವೈನಿ ಹೋದ ಮೇಲೆ, ನೌಕರಿಯಿಂದ ನಿವೃತ್ತನಾಗಿ ಮನೆಯಲ್ಲೇ ಇದ್ದ ಅವನಿಗೆ ಮೈಯಲ್ಲಿ ರೋಗವೆಂಬುದೇನೂ ಇರಲಿಲ್ಲ, ಆದರೆ ಮನೆಯಲ್ಲಿ ಇನ್ನೊಬ್ಬರು ಇಲ್ಲದಿದ್ದರೆ ಅವನು ಉಣ್ಣುತ್ತಿರಲಿಲ್ಲ. ಸುಧಾ ಜೀಡಿಮೆಟ್ಲಾದ ಮಾತ್ರೆ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಳು. ಅವಳು ಮಾಡಿಟ್ಟು ಹೋದ ರೊಟ್ಟಿ ಪಲ್ಯ ಅವಳು ಬರುವ ಹೊತ್ತಿಗೆ ಮುಚ್ಚಿಟ್ಟ ಹಾಗೇ ಇರುತ್ತಿತ್ತು. ಕೇಳಿದರೆ, "ಹಸಿವಿ ಆಗಲಿಲ್ಲವ್ವಾ" ಎನ್ನುತ್ತಿದ್ದ. ಅಂಗಿಯೊಳಗೆ ಅವನು ದಿನದಿನಕ್ಕೆ ಸಣ್ಣವನಾಗುತ್ತಿದ್ದುದನ್ನು ನೋಡಲಾರದೆ ಅವಳು ರಜೆ ಹಾಕಿದ್ದಳು. ತಾಯಿಯ ಮಷೀನು ಓಡಿದರೆ ಮನೆಯಲ್ಲೇ ಹೊಲಿಯುತ್ತ ಅಪ್ಪನ ಕಣ್ಣ ಮುಂದೆ ಇರಬಹುದು. ಓಡದಿದ್ದರೆ ಮತ್ತೆ ಜೀಡಿಮೆಟ್ಲಾ, ಮತ್ತೆ ಆ ಮುಚ್ಚಿಟ್ಟ ತಾಟು. ಹೊಸದೊಂದನ್ನು ಕೊಳ್ಳೋಣವೆಂದರೆ ಅಣ್ಣ, "ಆಕಿದು ಇರೂವಾಗ ಇನ್ನೊಂದ್ಯಾಕ?" ಎಂದು ಆ ಮಾತನ್ನೇ ಮುಗಿಸಿಬಿಟ್ಟಿದ್ದ.

ಸೂಜಿ, ಬಾಬಿನ್ನು, ಸೂಜಿಯ ಕೆಳಗಿನ ತಗಡು, ಎಡಗಡೆಯ ಮುಚ್ಚಳ, ಒಂದೊಂದನ್ನೇ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಪೇಪರಿನ ಮೇಲೆ ಸಾಲಾಗಿ ಇಟ್ಟೆ. ಗಡಿಯಾರ ಕಲಿಸಿದ ವಿವೇಕ ಅದು. ಬಟ್ಟೆಯನ್ನು ಮುಂದಕ್ಕೆ ಎಳೆಯುವ ಹಲ್ಲುಪಟ್ಟಿಯ ಕೆಳಗೆ ವರ್ಷಗಟ್ಟಲೆಯ ನೂಲಿನ ಧೂಳು ಕಂಬಳಿಯ ತುಂಡಿನಂತೆ ಕೂತಿತ್ತು. ಸುಧಾ ಅದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದರಿ ತೆಗೆದಳು. ಆದರೂ ಗಾಲಿ ಕದಲಲಿಲ್ಲ. ರೋಗ ಇನ್ನೂ ಒಳಗಿತ್ತು. ಈಗಿನ ಕಾಲದಲ್ಲಿ ಈ ಊರಲ್ಲಿ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಸಿಗುವುದೇ ದುರ್ಲಭ. ಸುಧಾ ಎಲ್ಲೆಲ್ಲೋ ಕೇಳಿ ಕಡೆಗೆ ಬಣ್ಣ ಬಳಿಯುವವರೊಬ್ಬರಿಂದ ಒಂದು ಸೀಸೆ ತಂದಿಟ್ಟಿದ್ದಳು. ಎಣ್ಣೆಯ ತೂತುಗಳಿಗೆಲ್ಲ ಅದನ್ನು ಹನಿಹನಿಯಾಗಿ ಬಿಟ್ಟು, ಚಹಾ ಕುಡಿದು, ಮತ್ತೆ ಬಿಟ್ಟು, ಗಾಲಿಯನ್ನು ಹಿಂದಕ್ಕೆ ಮುಂದಕ್ಕೆ ಜೋಕಾಲಿಯಂತೆ ಅಲುಗಿಸುತ್ತ ಕೂತೆವು. ಜೋರು ಮಾಡಿದರೆ ಒಳಗಿನದು ಮುರಿಯುತ್ತದೆ. ಸುಮ್ಮನೆ ಬಿಟ್ಟರೆ ಸಡಿಲಾಗುವುದಿಲ್ಲ. ದುಃಖದಲ್ಲಿರುವವರ ಜೊತೆ ಮಾತಾಡುವಾಗಲೂ ಇದೇ ಪೇಚು.

ಮಧ್ಯಾಹ್ನದ ಹೊತ್ತಿಗೆ ತೂತುಗಳಿಂದ ಕಂದು ಬಣ್ಣದ, ಬೆಲ್ಲದ ಪಾಕದಂಥ ಅಂಟು ಒಸರತೊಡಗಿತು. ಬಟ್ಟೆಯ ತುಂಡಿನಿಂದ ಒರೆಸಿದ ಸುಧಾ ಅದನ್ನು ಮೂಸಿ ನೋಡಿ ನನ್ನ ಕೈಗೆ ಕೊಟ್ಟಳು. ಚಿಮಣಿ ಎಣ್ಣೆಯ ನಾತದ ಅಡಿಯಲ್ಲಿ ದೇವರ ಮನೆಯ ವಾಸನೆಯಿತ್ತು. ಕುಸುಬಿ ಎಣ್ಣೆ ಗಾಳಿಗೆ ಒಣಗಿ ವಾರ್ನಿಶ್ ಆಗುವಂಥದ್ದು. ಚಪಾತಿಗೆ ಅಮೃತ, ಯಂತ್ರದ ಕೀಲಿಗೆ ಗೋಂದು. ದೀಪದ ಎಣ್ಣೆಯೇ ಒಳಗಿಳಿದು ಮಷೀನನ್ನು ಅಂಟಿಸಿ ನಿಲ್ಲಿಸಿದೆಯೆಂದು ನನಗೆ ಅರ್ಥವಾಯಿತು. ಆ ಕ್ಷಣಕ್ಕೆ ಹೊಳೆದ ಸುಳ್ಳನ್ನು ಹೇಳಿಯೂ ಬಿಟ್ಟೆ: "ಮಷೀನಿಗಿ ವಯಸ್ಸಾಗೇತಿ, ಅಷ್ಟ."

ಅಣ್ಣ ಕುರ್ಚಿಯಿಂದ ಎದ್ದು ಬಂದು ಆ ಬಟ್ಟೆಯನ್ನು ಇಸಿದುಕೊಂಡ.

"ಇದು ಕುಸುಬಿ ಎಣ್ಣಿ. ನಾನ ಹಾಕೀನಿ."

ಸುಧಾ ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟಳು.

"ಆಕಿ ಹೋದ ಮ್ಯಾಲೆ ಅಮಾಸಿ ಅಮಾಸಿಗಿ ತಪ್ಪಸದ ಹಾಕೀನಿ. ಮಷೀನು ಉಪಾಸ ಇರಬಾರದಂತ. ನಿಮ್ಮವ್ವ ಹಾಕತಿದ್ಲಲ್ಲವ್ವಾ?"

"ಅವ್ವ ಮ್ಯಾಲೆ ಸವರತಿದ್ಲಪ್ಪಾ" ಎಂದಳು ಸುಧಾ, ಆದಷ್ಟು ಮೆಲ್ಲಗೆ. "ಒಳಗ ಹಾಕೂದು ಬ್ಯಾರೆ ಎಣ್ಣಿ. ಸುಲ್ತಾನ್ ಬಜಾರದಿಂದ ಸಣ್ಣ ಬಾಟ್ಲಿ ತರತಿದ್ಲು. ನೀ ಡ್ಯೂಟಿಗಿ ಹೋದ ಮ್ಯಾಲೆ ಹಾಕತಿದ್ಲು."

ಅಣ್ಣ ಆ ಬಟ್ಟೆಯನ್ನು ಮತ್ತೊಮ್ಮೆ ಮೂಸಿದ. "ನಾ ಪೂಜಿ ಅಷ್ಟ ನೋಡೀನಿ" ಎಂದ. "ಅಂದ್ರ ಇಷ್ಟು ದಿನ ನಾನ ಅದರ ಬಾಯಿ ಕಟ್ಟೀನಿ."

ಒಂದು ಸಂಸಾರದಲ್ಲಿ ಜೀವಮಾನವೆಲ್ಲ ಜೊತೆಗಿದ್ದೂ ನಾವು ಇನ್ನೊಬ್ಬರ ಕೆಲಸದ ಪೂಜೆಯನ್ನಷ್ಟೇ ಕಂಡಿರುತ್ತೇವೆ. ಅದರ ಪರಿಶ್ರಮ ನಡೆಯುವ ಹೊತ್ತಿಗೆ ನಾವು ಡ್ಯೂಟಿಗೆ ಹೋಗಿರುತ್ತೇವೆ. ಈ ಮಾತನ್ನು ನಾನು ಅಣ್ಣನಿಗೆ ಹೇಳಲಿಲ್ಲ. ನನ್ನ ಮನೆಯ ಅಡುಗೆಮನೆಯ ಬಗ್ಗೆ ನನಗೇನು ಗೊತ್ತೆಂದು ಅವನು ತಿರುಗಿ ಕೇಳಿದ್ದರೆ, ಕುಕ್ಕರಿನ ಸೀಟಿಯ ಆಚೆಗೆ ನನ್ನ ಪಾಂಡಿತ್ಯ ಹೋಗುತ್ತಿರಲಿಲ್ಲ.

ಸಂಜೆಯೊಳಗೆ ಗಾಲಿ ಪೂರ್ತಿ ತಿರುಗಿತು. ಸರಿಯಾದ ಎಣ್ಣೆ ಬಿಟ್ಟು, ದಾರವಿಲ್ಲದೆ ಓಡಿಸಿ, ಹೆಚ್ಚಾದದ್ದನ್ನು ಚಿಂದಿಬಟ್ಟೆಗೆ ಕುಡಿಸಿ, ಹೊಸ ಸೂಜಿ ಹಾಕಿ, ಸಡಿಲಾದ ಚರ್ಮದ ಪಟ್ಟಾವನ್ನು ಒಂದು ಬೆರಳಿನಷ್ಟು ಕತ್ತರಿಸಿ ಕೂಡಿಸಿದೆವು. ಸುಧಾ ಸ್ಟೂಲಿನ ಮೇಲೆ ಕೂತು ತುಳಿದಳು. ಕಟಕ್ ಕಟಕ್ ಎಂದು ಶುರುವಾದ ಸಪ್ಪಳ ಕ್ಷಣದಲ್ಲೇ ಒಂದೇ ಧಾರೆಯಾಗಿ ಇಡೀ ಮನೆಯನ್ನು ತುಂಬಿತು. ನನಗೆ ಹಿಗ್ಗೋ ಹಿಗ್ಗು. ತಿರುಗಿ ನೋಡಿದರೆ ಅಣ್ಣ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ.

"ಒಂದೀಟು ಗಾಳಿಗಿ ಹೋಗಿ ಬರತೀನಿ" ಎಂದ.

ಅಲ್ಲಿಂದ ಮುಂದೆ ನಾನು ಹಮಾಲನಾದೆ. ಶಂಶಾಬಾದಿನ ನಮ್ಮ ಕಟ್ಟಡದಲ್ಲಿ ಏರ್‌ಪೋರ್ಟಿನಲ್ಲಿ ದುಡಿಯುವ ಹುಡುಗ ಹುಡುಗಿಯರು ಬಹಳ. ಅವರ ಸಮವಸ್ತ್ರದ ಪ್ಯಾಂಟು ಮೋಟು ಮಾಡುವುದು, ಸೊಂಟ ಬಿಗಿ ಮಾಡುವುದು, ಹರಿದ ಚೀಲಕ್ಕೆ ಹಿಡಿಕೆ ಹಚ್ಚುವುದು, ಎಲ್ಲವನ್ನೂ ಗಂಟು ಕಟ್ಟಿ ಸುಧಾಳಿಗೆ ತಂದು ಹಾಕುತ್ತಿದ್ದೆ. ಮುದಿ ಮಷೀನಿನಿಂದ ಅವಳು ತೆಗೆದ ಕೆಲಸ ನೋಡಬೇಕಿತ್ತು. ಜೀನ್ಸಿನ ದಪ್ಪ ಮಡಿಕೆ ಬಂದರೆ ಅಡುಗೆಮನೆಯ ಕುಟ್ಟಾಣಿಯಿಂದ ಬಡಿದು ಚಪ್ಪಟೆ ಮಾಡಿ, ದಪ್ಪ ಸೂಜಿ ಏರಿಸಿ, ಪೆಡಲಿನಿಂದ ಕಾಲು ತೆಗೆದು ಗಾಲಿಯನ್ನು ಕೈಯಿಂದಲೇ ಒಂದೊಂದು ಹೊಲಿಗೆ ದಾಟಿಸುತ್ತಿದ್ದಳು. ಜಾರುವ ಬಟ್ಟೆಯ ಕೆಳಗೆ ಪೇಪರು ಇಟ್ಟು ಹೊಲಿದು, ಆಮೇಲೆ ಪೇಪರನ್ನು ಹರಿದು ತೆಗೆಯುತ್ತಿದ್ದಳು. ಎಲ್ಲವೂ ಚೆನ್ನಾಗಿತ್ತು, ಒಂದರ ಹೊರತು. ಅವಳು ಸ್ಟೂಲಿನ ಮೇಲೆ ಕೂತ ಕೂಡಲೆ ಅಣ್ಣ ಗಾಳಿಗೆ ಹೊರಡುತ್ತಿದ್ದ, ಅವಳು ಮಷೀನು ಮುಚ್ಚಿದ ಮೇಲೆಯೇ ತಿರುಗಿ ಬರುತ್ತಿದ್ದ. ಅಪ್ಪನಿಗಾಗಿ ಮನೆಯಲ್ಲಿ ಉಳಿದ ಮಗಳು ದಿನವಿಡೀ ಒಬ್ಬಳೇ ಕೂತಿರುತ್ತಿದ್ದಳು. ತಾಟು ಹಿಂದಿನಂತೆಯೇ ಮುಚ್ಚಿಟ್ಟಿರುತ್ತಿತ್ತು.

ಒಮ್ಮೆ ಬಟ್ಟೆಯ ಗಂಟು ಹೊತ್ತು ಬರುವಾಗ ಅವನನ್ನು ಕಾಚಿಗುಡಾ ಸ್ಟೇಷನ್ನಿನ ಹೊರಗಿನ ಕಟ್ಟೆಯ ಮೇಲೆ ಕಂಡೆ. ಹೋಗಿ ಬರುವವರ ಗದ್ದಲದ ನಡುವೆ, ಯಾರನ್ನೋ ಗಾಡಿ ಹತ್ತಿಸಿ ಮನೆಗೆ ಹೋಗಲು ಮರೆತವನಂತೆ ಕೂತಿದ್ದ. ಪಕ್ಕದಲ್ಲಿ ಗಂಟನ್ನಿಟ್ಟು ಕೂತೆ.

"ಮನ್ಯಾಗ ಯಾಕ ಕುಂಡ್ರಂಗಿಲ್ಲ ಅಣ್ಣಾ? ಆಕಿ ನಿನ್ನ ಸಲುವಾಗಿ ನೌಕರಿ ಬಿಡಾಕತ್ತಾಳ."

"ಗೊತ್ತೈತಿ" ಎಂದ. "ಆ ಸಪ್ಪಳ ನಿಮ್ಮ ವೈನಿದು, ರಾಘು. ಎಲ್ಲಿ ಕುಂತ್ರೂ ಕೇಳತೈತಿ. ಆಕಿ ಒಳಗ ಹೊಲ್ಯಾಕತ್ತಾಳ ಅನಸತೈತಿ. ಎದ್ದು ಹೋಗಿ ನೋಡತೀನಿ, ಸುಧಾ ಇರತಾಳ. ಹೆತ್ತ ಮಗಳ ಮಾರಿ ನೋಡಿ ದಿನಾ ದಿನಾ ನಿರಾಸೆ ಆಗೂದು ಚಲೋ ಏನು, ನೀನ ಹೇಳು?"

ರಿಪೇರಿ ಎಂದರೆ ಇದ್ದದ್ದನ್ನು ಇದ್ದ ಹಾಗೆ ಮಾಡುವುದು ಎಂದು ನಂಬಿದವನು ನಾನು; ಇದ್ದ ಹಾಗೆ ಆದದ್ದೇ ಇಲ್ಲಿ ಸಂಕಟವಾಗಿತ್ತು. ಗೋಂದಾಗಿ ಗಟ್ಟಿಯಾಗಿದ್ದ ಮೌನವನ್ನು ನಾವೇ ಕರಗಿಸಿ ತೆಗೆದಿದ್ದೆವು.

"ಸುಧಾಗ ಹೇಳಬ್ಯಾಡ" ಎಂದಿದ್ದ. ನಾನು ಹೇಳಿದೆ. ಅವಳು ಹಲ್ಲಿನಿಂದ ದಾರ ಕಡಿಯುತ್ತಿದ್ದವಳು ಹಾಗೇ ನಿಂತಳು. "ನನಗೂ ತುಳಿವಾಗ ಹಂಗ ಅನಸತೈತ್ರಿ ಕಾಕಾ" ಎಂದಷ್ಟೇ ಹೇಳಿ, ಮತ್ತೆ ಪ್ಯಾಂಟಿನ ಅಂಚಿಗೆ ತಿರುಗಿದಳು.

ಕೆಲವು ದಿನಗಳ ನಂತರ ನಾನು ಹೋದಾಗ ಅವಳು ಮಷೀನಿನ ಹಿಂಬದಿಗೆ ಒಂದು ಸಣ್ಣ ಕರೆಂಟಿನ ಮೋಟಾರು ಕೂಡಿಸಿ ಸ್ಕ್ರೂ ಬಿಗಿ ಮಾಡುತ್ತಿದ್ದಳು. ಚರ್ಮದ ಪಟ್ಟಾ ಬಿಚ್ಚಿ ಕೆಳಗೆ ಬಿದ್ದಿತ್ತು. ಅಣ್ಣ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ದ. ಅವಳು ಗುಂಡಿ ಒತ್ತಿದಳು. ಗುಂಯ್ ಎಂದು ಕರ್ಕಶವಾದ, ಯಾರದೂ ಅಲ್ಲದ ಒಂದು ಸಪ್ಪಳ ಎದ್ದಿತು.

"ಏನವ್ವಾ ಇದು, ಮಿಕ್ಸರಿನ್ಯಾಗ ಕಲ್ಲು ಹಾಕಿದಂಗ ಐತಲ್ಲ?" ಎಂದ ಅಣ್ಣ.

"ಹೂಂನಪ್ಪಾ. ಭಾಳ ಕೆಟ್ಟ ಸಪ್ಪಳ."

"ಭಾಳ ಕೆಟ್ಟ ಐತಿ" ಎಂದು ಒಪ್ಪಿಕೊಂಡು ಅವನು ನಿಂತಲ್ಲೇ ಅದಕ್ಕೆ ಕಿವಿಗೊಟ್ಟ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ. ಮಧ್ಯಾಹ್ನ ಸುಧಾ ಮೂರು ತಾಟು ಹಾಕಿದಳು. ಅಣ್ಣ ಒಂದು ರೊಟ್ಟಿ ಉಂಡು, ಇನ್ನೊಂದು ಕೇಳಿದ.